ಎಮ್ಮೆಯ ಕ್ಯಾನು, ನನ್ನ ನರಹುಲಿ

ಗಡಹಿಂಗ್ಲಜದಲ್ಲಿ ನಮ್ಮದು ಮೂರು ತಲೆಮಾರಿನಿಂದ ಬೆಲ್ಲದ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ನಮ್ಮ ಮನೆಯ ಹೆಂಗಸರ ಹೆಸರನ್ನು ಬಜಾರದಲ್ಲಿ ಯಾರೂ ಹಗುರವಾಗಿ ಎತ್ತಿದ್ದಿಲ್ಲ. ನಾನಂತೂ ಕಾನ್ವೆಂಟಿನಲ್ಲಿ ಓದಿ ಬಂದ ಸೊಸೆ.

ಮೊಮ್ಮಗಳ ನಿಶ್ಚಿತಾರ್ಥಕ್ಕೆ ಮುಂಚೆ ಗದ್ದದ ಮೇಲಿನ ನರಹುಲಿ ತೆಗೆಸಲು ಚರ್ಮದ ಡಾಕ್ಟರ ಬಳಿ ಹೋದೆ. ನೈಟ್ರೋಜನ್ ದ್ರವದಿಂದ ಅದನ್ನು ಹೆಪ್ಪುಗಟ್ಟಿಸಿದರೆ ತಾನೇ ಉದುರುತ್ತದೆ ಎಂದರು. ಆದರೆ ಅಂದು ಅವರಲ್ಲಿ ದ್ರವ ಮುಗಿದಿತ್ತು. ಎಮ್ಮೆಗಳಿಗೆ ಗರ್ಭ ಕಟ್ಟಿಸುವವರು ಕೋಣದ ವೀರ್ಯವನ್ನು ಇದೇ ದ್ರವದಲ್ಲಿ ಕಾಪಾಡುತ್ತಾರಂತೆ; ಅವರಲ್ಲೊಬ್ಬನಿಗೆ ಡಾಕ್ಟರು ಫೋನು ಮಾಡಿದರು.

ಆತ ಕ್ಯಾನು ಹೊತ್ತು ಬಂದ. ಕಾಯುತ್ತಿದ್ದ ಪೇಶಂಟುಗಳ ಎದುರೇ ಡಾಕ್ಟರು ನನ್ನತ್ತ ಕೈ ತೋರಿಸಿದರು.

“ಬಾಯಾರ, ನೀವ್ಯಾಕ ಬರಾಕ ಹೋದ್ರಿ? ಎಮ್ಮಿ ಎಲ್ಲಿ ಕಟ್ಟೀರಿ?” ಎಂದ ಆತ.

“ಎಮ್ಮೆಗಲ್ಲ, ನನಗೆ,” ಎಂದೆ ಗಂಭೀರವಾಗಿ.

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಈ ವಯಸ್ಸಿನ್ಯಾಗ ಯಾಕ ಬೇಕಿತ್ರಿ?”

ಪೇಶಂಟುಗಳೆಲ್ಲ ಗೊಳ್ಳೆಂದು ನಕ್ಕರು.

ನರಹುಲಿ ಗುರುತಿಲ್ಲದಂತೆ ಉದುರಿತು. ಆದರೆ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಬೀಗರ ಮನೆಯ ಅಜ್ಜಿ ಎಲ್ಲರೆದುರು, “ಎಷ್ಟ ತಿಂಗಳಾತ್ರಿ?” ಎಂದು ನನ್ನನ್ನು ಕೇಳಿದರು. ಆ ಕ್ಯಾನಿನವನು ನಮ್ಮ ಮನೆಗೆ ಬಂದು ನನ್ನ ಕ್ಷಮೆ ಕೇಳತಕ್ಕದ್ದು.