ಮೂವತ್ತೆಂಟು ಅಂದ ಬೀಗದಣ್ಣ

ನಮ್ಮ ಕೆಡೆಟ್ ಶಿಬಿರದಲ್ಲಿ ಸಂಬಳಕ್ಕೆ ದುಡಿಯುವವರು ಯಾರೂ ಇಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹತ್ತು ದಿನ ರಜೆ ಹಾಕಿ ಬರುವವರೇ. ವರ್ಷವಿಡೀ ತೆರಿಗೆ ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತ ಇಲ್ಲಿ ಅಡುಗೆಮನೆಯ ಯಜಮಾನ. ಹಲ್ಲಿನ ಡಾಕ್ಟರು ಮಕ್ಕಳಿಗೆ ಹಗ್ಗದ ಗಂಟು ಹಾಕುವುದನ್ನು ಕಲಿಸುತ್ತಾರೆ. ಹೆರಿಗೆಯಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದ ನನ್ನ ಪಾಲಿಗೆ ದಫ್ತರದ ಮೇಜು ಬಂತು. ಹಾಜರಿ ಪುಸ್ತಕ, ಪಾಳಿಪಟ್ಟಿ, ಗೇಟಿನ ರಿಜಿಸ್ಟರು ಇವು ನನ್ನವು. ಮನೆ ಹತ್ತಿರವಿದ್ದುದರಿಂದ ಒಂದೂವರೆ ವರ್ಷದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದೆ.

ಮೊದಲ ದಿನವೇ ಮೇಜಿನ ಖಾನೆಗೆ ಕೀಲಿಕೈ ಇಲ್ಲ ಎಂದು ಗೊತ್ತಾಯಿತು. ಎಳೆದೆ, ಗುದ್ದಿದೆ, ಅದು ಜಪ್ಪಯ್ಯ ಅನ್ನಲಿಲ್ಲ. ಹಿಂದಿನಿಂದ ಯಾರೋ ಕೆಮ್ಮಿದರು.

"ಅದಕ್ಕೆ ಯಾಕಮ್ಮಾ ಹೊಡೀತೀಯ? ಬೀಗ ಅಂದ್ರೆ ಮುನಿಸಿಕೊಂಡ ಅಳಿಯ ಇದ್ದ ಹಾಗೆ. ಹೊಡೆದ್ರೆ ಬಾಯಿ ಬಿಡಲ್ಲ."

ಐವತ್ತೆಂಟರ ಸುಮಾರಿನ ಗಿಡ್ಡ ಆಳು. ಬೆರಳುಗಳ ಸಂದಿಯಲ್ಲೆಲ್ಲ ಲೋಹದ ಪುಡಿ ಕೂತು ಕಪ್ಪಾಗಿತ್ತು. ನನ್ನ ತಲೆಯ ಪಿನ್ನು ಕೇಳಿ ತೆಗೆದುಕೊಂಡು, ಕಿವಿಯನ್ನು ಖಾನೆಗೆ ಒತ್ತಿ ಎರಡು ಸಲ ತಿರುಗಿಸಿದ್ದಷ್ಟೇ, ಖಾನೆ ಹೊರಕ್ಕೆ ಬಂತು. ಒಳಗೆ ಒಣಗಿದ ಪೆನ್ನು ಮೂರು, ಸತ್ತ ಜಿರಳೆ ಒಂದು. "ನೋಡು, ಹಿಂದಿನ ಗುಮಾಸ್ತ ಇಲ್ಲೇ ಇದ್ದಾನೆ" ಎಂದು ಜಿರಳೆ ತೋರಿಸಿದರು.

ಅವರನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಪೇಟೆಯ ಫೋಟೋ ಸ್ಟುಡಿಯೋಗೂ ಚಪ್ಪಲಿ ಅಂಗಡಿಗೂ ನಡುವೆ ಅವರ ಕೀಲಿಕೈ ಅಂಗಡಿ. ಎಷ್ಟು ಕಿರಿದೆಂದರೆ, ಗಂಡ ಹೆಂಡತಿ ಒಟ್ಟಿಗೆ ಸೀನಿದರೆ ಗಿರಾಕಿ ರಸ್ತೆಗೆ ಬೀಳಬೇಕು. ಒಂದು ಬದಿಗೆ ಇವರ ಕೀಲಿ ಕೊರೆಯುವ ಮೆಷಿನ್ನು, ಇನ್ನೊಂದು ಬದಿಗೆ ಬ್ಯಾಗುಗಳ ಜಿಪ್ ಹೊಲಿಯುವ ಹೆಂಡತಿ. ಇಬ್ಬರು ಹೆಣ್ಣುಮಕ್ಕಳಿಗೂ ಮದುವೆಯಾಗಿತ್ತು. "ಅಪ್ಪನಿಗೆ ವರ್ಷಕ್ಕೆ ಹತ್ತು ದಿನ ಶಿಬಿರದ ಹುಚ್ಚು ಹಿಡಿಯುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ" ಎಂದು ಮಕ್ಕಳು ನಗುವರಂತೆ. ಹಾಗೆ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ಉಳಿದ ಮುನ್ನೂರೈವತ್ತೈದು ದಿನ ಯಾರೋ ಕಳೆದುಕೊಂಡದ್ದಕ್ಕೆ ನಕಲು ಮಾಡಿ ಕೊಡುವ ಮನುಷ್ಯ, ಈ ಹತ್ತು ದಿನ ಮಾತ್ರ ಕಳೆಯದ ಹಾಗೆ ನೋಡಿಕೊಳ್ಳುತ್ತಿದ್ದರು. ಪಾಳಿಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಬಸ್ಸು ಮತ್ತು ಎಣಿಕೆ" ಎಂದಿರುತ್ತಿತ್ತು.

ಎಣಿಕೆಯ ಕ್ರಮ ಹೀಗೆ. ಆ ವರ್ಷ ಮೂವತ್ತೆಂಟು ಮಕ್ಕಳು. ಮೊದಲ ದಿನವೇ ಒಬ್ಬೊಬ್ಬರಿಗೆ ಒಂದೊಂದು ನಂಬರು. ಬಸ್ಸು ಹತ್ತಿ ಕೂತ ಮೇಲೆ, ಒಂದರಿಂದ ಶುರುವಾಗಿ ಒಬ್ಬೊಬ್ಬರೂ ತಮ್ಮ ನಂಬರನ್ನು ಕೂಗಬೇಕು. ಕೊನೆಯ ಸೀಟಿನಲ್ಲಿ ಕೂತ ಬೀಗದಣ್ಣ ಎಲ್ಲ ಕೇಳಿಸಿಕೊಂಡು "ಮುಗೀತು, ಹೊರಡಿ!" ಎಂದರೆ ಡ್ರೈವರು ಗೇರು ಹಾಕುವುದು. ಅದರ ಜೊತೆಗೆ ನನಗೂ ಒಂದು ಕೆಲಸ ಹೇಳಿದ್ದರು.

"ನಾನು ಕಿವೀಲಿ ಎಣಿಸ್ತೀನಿ. ನೀನು ಮುಂದೆ ನಿಂತು ಕಣ್ಣಲ್ಲಿ ಎಣಿಸು. ಎರಡೂ ತಾಳೆ ಆದ್ಮೇಲೆ ಗುರುತು ಹಾಕು."

"ಪಟ್ಟಿಯಲ್ಲಿ ಹಾಗಂತ ಇಲ್ವಲ್ಲ ಅಣ್ಣ?"

"ಪಟ್ಟಿಯಲ್ಲಿ ಉಸಿರಾಡು ಅಂತಾನೂ ಇಲ್ಲ ಕಣಮ್ಮಾ."

ಮೂವತ್ತೆಂಟನೆಯ ನಂಬರು ಹನ್ನೆರಡು ವರ್ಷದ ಒಬ್ಬ ಹುಡುಗಿಯದು. ಕೊನೆಯ ಗಳಿಗೆಯಲ್ಲಿ ಸೇರಿದವಳು. ಟೋಪಿ ಕಣ್ಣಿನವರೆಗೆ ಇಳಿಯುತ್ತಿತ್ತು. ದನಿಯೋ, ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಸಣ್ಣದು. ಮೊದಲ ದಿನ ಅವಳು ತುಟಿ ಅಲ್ಲಾಡಿಸಿದಾಗ ಮುಂದಿನ ಹುಡುಗರು "ಕೇಳಿಸ್ಲಿಲ್ಲಾ... ಕೇಳಿಸ್ಲಿಲ್ಲಾ..." ಎಂದು ರಾಗ ಎಳೆದರು. ಹುಡುಗಿಯ ಕಣ್ಣು ತುಂಬಿತು. ಬೀಗದಣ್ಣ ತಕ್ಷಣ ಅವಳನ್ನು ಕೊನೆಯ ಸೀಟಿಗೆ, ತಮ್ಮ ಪಕ್ಕಕ್ಕೆ ಕರೆದರು. "ನೀನು ನನಗೆ ಹೇಳು ಮರಿ. ಬಸ್ಸಿಗೆ ನಾನು ಹೇಳ್ತೀನಿ." ಅಂದಿನಿಂದ ಅವಳು ಮೆಲ್ಲಗೆ ಮೂವತ್ತೆಂಟು ಅನ್ನುವುದು, ಇವರು ಅದನ್ನೇ ತಮ್ಮ ಗಂಟಲಲ್ಲಿ ಬಸ್ಸು ನಡುಗುವ ಹಾಗೆ "ಮೂವತ್ತೆಂಟು! ಮುಗೀತು, ಹೊರಡಿ!" ಅನ್ನುವುದು. ಮಕ್ಕಳು ಹೋ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ದಿನಕ್ಕೆ ನಾಲ್ಕು ಸಲ, ಮೂರು ದಿನ ಹೀಗೇ ನಡೆಯಿತು.

ನಾಲ್ಕನೆಯ ದಿನ ಊರಾಚೆಯ ಕಲ್ಲುಗುಡ್ಡಕ್ಕೆ ಹೋಗಿದ್ದೆವು, ಹಗ್ಗ ಹಿಡಿದು ಬಂಡೆ ಇಳಿಯುವ ಅಭ್ಯಾಸಕ್ಕೆ. ನೆತ್ತಿ ಸುಡುವ ಬಿಸಿಲು. ಹನ್ನೊಂದೂವರೆಗೆ ಮಕ್ಕಳೆಲ್ಲ ಸೋತು ಸುಣ್ಣವಾಗಿ ಬಸ್ಸು ಹತ್ತಿದರು. ಕೂಗು ಶುರುವಾಯಿತು. ಒಂದು, ಎರಡು, ಮೂರು. ನಾನು ಮುಂದೆ ನಿಂತು ತಲೆ ಎಣಿಸತೊಡಗಿದೆ. ಅಷ್ಟರಲ್ಲಿ ಅತ್ತೆಯ ಫೋನು.

"ಮಗು ಮೂಗಿಗೆ ಬಟಾಣಿ ತುರುಕಿಕೊಂಡಿದೆ ಕಣೇ! ತೆಗೆಯೋಕೆ ಹೋದ್ರೆ ಒಳಗೆ ಹೋಗ್ತಿದೆ! ಏನ್ ಮಾಡ್ಲಿ?"

"ಅಯ್ಯೋ, ಬೆರಳು ಹಾಕ್ಬೇಡಿ ಅತ್ತೆ! ಇನ್ನೊಂದು ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಸೀನೋಕೆ ಹೇಳಿ."

"ಸೀನು ಅಂದ್ರೆ ನಗ್ತಾಳೆ!"

ನನ್ನ ಕಿವಿ ಅಲ್ಲಿ, ಕಣ್ಣು ಕಿಟಕಿಯಾಚೆ. ಹಿಂದಿನಿಂದ "ಮೂವತ್ತೇಳು" ಎಂಬ ಹುಡುಗನ ದನಿ ಬಂತು. ಅದರ ಬೆನ್ನಿಗೇ "ಮೂವತ್ತೆಂಟು! ಮುಗೀತು, ಹೊರಡಿ!" ಎಂಬ ಗಂಟಲೂ ಬಂತು. ನಾನು ಫೋನನ್ನು ಭುಜಕ್ಕೆ ಒತ್ತಿಕೊಂಡು ಪುಸ್ತಕದಲ್ಲಿ ಗುರುತು ಹಾಕಿದೆ. ಬಸ್ಸು ಹೊರಟಿತು. ಅರ್ಧ ದಾರಿಯಲ್ಲಿ ಬಟಾಣಿ ಹೊರಬಿತ್ತು ಎಂದು ಅತ್ತೆ ಫೋನು ಮಾಡಿದಾಗ ನನಗೆ ಹೋದ ಜೀವ ಬಂದ ಹಾಗಾಯಿತು.

ಊಟದ ಹೊತ್ತಿಗೆ ಅಡುಗೆಯ ಗುಮಾಸ್ತ ಒಂದು ಖಾಲಿ ತಟ್ಟೆ ಹಿಡಿದು ನಿಂತಿದ್ದ. ಅವನು ಮೂವತ್ತೆಂಟು ಅಂದರೆ ಮೂವತ್ತೆಂಟೇ ತಟ್ಟೆ ಇಡುವವನು.

"ಇದ್ಯಾರಪ್ಪಾ ಉಪವಾಸ? ನನ್ನ ಅಡುಗೆ ಅಷ್ಟು ಕೆಟ್ಟಿದೆಯಾ?"

ಎಲ್ಲರೂ ನಕ್ಕರು. ಬಡಿಸುತ್ತಿದ್ದ ಬೀಗದಣ್ಣ ನಗಲಿಲ್ಲ. ಪಂಕ್ತಿಯ ಉದ್ದಕ್ಕೂ ಅವರ ಕಣ್ಣು ಓಡಿತು. ಆಮೇಲೆ ತಮ್ಮ ಎಡ ಪಕ್ಕಕ್ಕೆ, ಬಸ್ಸಿನಲ್ಲಿ ಅವಳು ಕೂರುತ್ತಿದ್ದ ಬದಿಗೆ ತಿರುಗಿ ನೋಡಿದರು. ಅಲ್ಲಿ ಗೋಡೆಯಿತ್ತು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ನಾನೂ ಅವರೂ ಅದೇ ಬಸ್ಸಿನಲ್ಲಿ ವಾಪಸ್ಸು ಓಡಿದೆವು. ನಲವತ್ತು ನಿಮಿಷದ ದಾರಿ. ಅಷ್ಟೂ ಹೊತ್ತು ಅವರು ಕೂರಲಿಲ್ಲ, ಕಂಬಿ ಹಿಡಿದು ನಿಂತೇ ಇದ್ದರು. ಒಂದೇ ಒಂದು ಸಲ ಬಾಯಿ ಬಿಟ್ಟರು.

"ಪಕ್ಕ ತಿರುಗಿ ನೋಡ್ಲೇ ಇಲ್ವಲ್ಲಮ್ಮಾ. ಬಾಯಿ ತಾನಾಗೇ ಕೂಗಿಬಿಡ್ತು."

"ನಾನೂ ತಲೆ ಎಣಿಸ್ಲಿಲ್ಲ ಅಣ್ಣ" ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಹುಡುಗಿ ಗುಡ್ಡದ ಬುಡದಲ್ಲಿ, ಬಸ್ಸು ನಿಂತಿದ್ದ ಜಾಗದಲ್ಲೇ, ಬಂಡೆಯ ಸಣ್ಣ ನೆರಳಿನಲ್ಲಿ ಮಂಡಿ ಮಡಚಿ ಕೂತಿದ್ದಳು. ಪೊದೆಯ ಮರೆಗೆ ಹೋದವಳು ಶೂ ಲೇಸು ಕಟ್ಟಿಕೊಂಡು ಬರುವಷ್ಟರಲ್ಲಿ ಬಸ್ಸು ಹೋಗಿತ್ತಂತೆ. ಕಲ್ಲು ಒಡೆಯುವ ಹೆಂಗಸೊಬ್ಬಳು ಕುಡಿಯಲು ನೀರು ಕೊಟ್ಟಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಅಷ್ಟು ಬಿಟ್ಟರೆ ಏನೂ ಆಗಿರಲಿಲ್ಲ. ಅಳುತ್ತಲೂ ಇರಲಿಲ್ಲ. ಬೀಗದಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವಳು ಅವರ ಮುಖವನ್ನೇ ನೋಡಿ, ಎಂದಿನ ಸಣ್ಣ ದನಿಯಲ್ಲಿ ಕೇಳಿದಳು:

"ನನ್ನ ನಂಬರ್ ಯಾರು ಹೇಳಿದ್ರು ಸರ್?"

ಅವರು ಅವಳ ಟೋಪಿ ತೆಗೆದು ಅದರ ಧೂಳು ಕೊಡವತೊಡಗಿದರು. ನಾನೇ ಹುಡುಗಿಯ ಕೈ ಹಿಡಿದು ಬಸ್ಸು ಹತ್ತಿಸಿದೆ.

ಸಂಜೆ ಅವಳ ಅಪ್ಪ ಬಂದರು. ಕೂಗಾಡಿದ್ದರೆ ಚೆನ್ನಾಗಿತ್ತು. ಆ ಮನುಷ್ಯ ನಿಧಾನಕ್ಕೆ ಎಲ್ಲ ಕೇಳಿಸಿಕೊಂಡು, "ನೀವು ಬೇಕಂತ ಮಾಡಿಲ್ಲ, ಗೊತ್ತು. ಆದರೂ ದೂರು ಬರೆದು ಕೊಡ್ತೀನಿ. ಬರೀದಿದ್ರೆ ನಾಳೆ ಇನ್ನೊಬ್ಬರ ಮಗು" ಎಂದರು. ಮಗಳ ಪೆಟ್ಟಿಗೆ ಎತ್ತಿಕೊಂಡು ಕರೆದುಕೊಂಡು ಹೋದರು.

ಅದಾದ ಮೂರನೆಯ ದಿನ ಮುಖ್ಯ ಕಚೇರಿಯಿಂದ ಇಬ್ಬರು ಬಂದರು. ನಮ್ಮ ಶಿಬಿರದ ಮೇಡಂ, ಅವರಿಬ್ಬರು, ಬೀಗದಣ್ಣ, ನಾನು, ದಫ್ತರದ ಕೋಣೆಯಲ್ಲಿ ಕೂತೆವು. ಕುರ್ಚಿ ಸಾಲದೆ ಬೀಗದಣ್ಣ ಹಗ್ಗದ ಸುರುಳಿಯ ಮೇಲೆ ಕೂತರು. ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಎಣಿಕೆಯಲ್ಲಿ ಮಗುವನ್ನು ಬಿಟ್ಟವರು ಮುಂದೆ ಎಂದೂ ಮಕ್ಕಳಿರುವ ಶಿಬಿರದಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ.

"ಎಣಿಕೆ ಯಾರದು?"

"ನನ್ನದು" ಅಂದರು ಬೀಗದಣ್ಣ.

"ಸರ್, ನಾನೂ ಎಣಿಸಬೇಕಿತ್ತು" ಎಂದೆ. "ತಲೆ ಎಣಿಸೋದು ನನ್ನ ಕೆಲಸ. ಫೋನ್ ಬಂತು, ಎಣಿಸದೇನೇ ಗುರುತು ಹಾಕ್ದೆ."

ಬಂದವರು ಪಾಳಿಪಟ್ಟಿ ತಿರುವಿದರು. "ಇಲ್ಲಿ ನಿಮ್ಮ ಮುಂದೆ ದಫ್ತರ ಅಂತಷ್ಟೇ ಇದೆ."

"ಪಟ್ಟಿಯಲ್ಲಿಲ್ಲ. ನಾವಿಬ್ಬರೇ ಮಾತಾಡಿಕೊಂಡಿದ್ದು."

"ಹೌದೇನ್ರಿ?" ಎಂದು ಅವರು ಬೀಗದಣ್ಣನನ್ನು ಕೇಳಿದರು.

ಬೀಗದಣ್ಣ ನನ್ನ ಕಡೆ ನೋಡಲಿಲ್ಲ. ಕಪ್ಪು ಬೆರಳಿನಿಂದ ಹಗ್ಗದ ಎಳೆಯೊಂದನ್ನು ಬಿಡಿಸುತ್ತ, "ಇಲ್ಲ ಸರ್. ಈ ದಫ್ತರದ ಹುಡುಗಿ ಸುಮ್ನೆ ನನ್ನ ಮೇಲಿನ ಮರುಕಕ್ಕೆ ಹೇಳ್ತಿದೆ. ಎಣಿಕೆ ನಂದೊಂದೇ" ಅಂದರು.

ಮೇಡಂ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದರು. ಆಮೇಲೆ ಹೊರಗೆ ಕರೆದು ಹೇಳಿದರು, "ನಮೂನೆಯಲ್ಲಿ ಜವಾಬ್ದಾರರ ಹೆಸರು ಅಂತ ಒಂದೇ ಗೆರೆ ಇದೆ ಕಣೇ. ನೀನು ಹೇಳಿದ್ರೂ ಅವರು ಉಳಿಯಲ್ಲ, ಜೊತೆಗೆ ನೀನೂ ಹೋಗ್ತೀಯ. ಮನೇಲಿ ಚಿಕ್ಕ ಮಗು ಇದೆ, ಸುಮ್ನಿರು."

ಅದು ನಿಜವೇ ಆಗಿತ್ತು. ನಾನು ಎರಡು ಸಲ ಹೇಳಿದ್ದೆ, ಮೂರನೆಯ ಸಲ ಹೇಳಲಿಲ್ಲ. ನಮೂನೆಯನ್ನು ತುಂಬಿದ್ದೂ ನಾನೇ, ದಫ್ತರ ನನ್ನದಲ್ಲವೇ. ಆ ಒಂದೇ ಗೆರೆಯ ಮೇಲೆ ಅವರ ಹೆಸರು ಬರೆದೆ. ಅಕ್ಷರ ಚೆನ್ನಾಗಿ ಬರಲೆಂದು ನಿಧಾನವಾಗಿ ಬರೆದೆ.

ಶಿಬಿರ ಮುಗಿದ ವಾರದಲ್ಲಿ ಕೀಲಿಕೈ ಮಾಡಿಸುವ ನೆಪದಲ್ಲಿ ಮಗಳನ್ನು ಸೊಂಟಕ್ಕೇರಿಸಿಕೊಂಡು ಅವರ ಅಂಗಡಿಗೆ ಹೋದೆ. ಅವರು ಊಟಕ್ಕೆ ಹೋಗಿದ್ದರು. ಹೆಂಡತಿ ಜಿಪ್ ಹೊಲಿಯುತ್ತ ಕೂತಿದ್ದರು.

"ಏನು ಹೇಳ್ಲಮ್ಮಾ ಇವರ ಅವಸ್ಥೆ. ಮನೇಲಿ ಸಕ್ಕರೆ ಡಬ್ಬಿಗೂ ಬೀಗ ಹಾಕಿದ್ದಾರೆ. ಯಾಕ್ರೀ ಅಂದ್ರೆ, ಅಭ್ಯಾಸ ತಪ್ಪಬಾರದು ಅಂತಾರೆ. ಚಹಾ ಬೇಕಾದ್ರೆ ಕೀಲಿ ಹುಡುಕ್ಬೇಕು ನಾನು." ನಕ್ಕು, ದಾರವನ್ನು ಹಲ್ಲಿನಿಂದ ಕಡಿದು, ದನಿ ತಗ್ಗಿಸಿದರು. "ಊಟ ಬಡಿಸೋವಾಗ ಪಕ್ಕಕ್ಕೆ ತಿರುಗಿ ತಿರುಗಿ ನೋಡ್ತಾರೆ. ಏನು ಅಂದ್ರೆ ಏನಿಲ್ಲ ಅಂತಾರೆ. ನಿನಗೇನಾದ್ರೂ ಮಾಡೋಕಾಗುತ್ತಾ?"

ಮೇಡಂ ಹತ್ತಿರ ಕೇಳ್ತೀನಿ ಎಂದೆ. ಕೇಳಿದೆ ಕೂಡ. ಕೈಬರಹದಲ್ಲಿ ಎರಡು ಅರ್ಜಿ ಬರೆದು, ನಡೆದದ್ದನ್ನು ನಡೆದ ಹಾಗೆ ಕಾಣಿಸಿ, ಕೆಳಗೆ ನನ್ನ ಸಹಿ ಹಾಕಿ ಕಳಿಸಿದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ಕಡತ ಮುಚ್ಚಲಾಗಿದೆ ಎಂದು ಬಂತು. ಮೇಡಂ ಕೊನೆಗೆ ಒಂದು ದಾರಿ ಹುಡುಕಿದರು. ಶಿಬಿರ ಶುರುವಾಗುವ ದಿನ ಮಕ್ಕಳು ಬರುವ ಮೊದಲು ಬಂದು ಪೆಟ್ಟಿಗೆ, ಬಾಗಿಲುಗಳ ಬೀಗಕ್ಕೆಲ್ಲ ಎಣ್ಣೆ ಹಾಕಿ ಕೊಟ್ಟು ಹೋಗಲಿ. ಅಷ್ಟಕ್ಕೆ ನಿಯಮ ಅಡ್ಡ ಬರುವುದಿಲ್ಲ.

ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಮರುವರ್ಷ ಆ ದಿನ ಬೆಳಿಗ್ಗೆ ಏಳಕ್ಕೇ ಬಂದರು. ಹಳೆಯ ಶಿಬಿರದ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು, ಎದೆಯ ಮೇಲಿನ ಹೆಸರುಪಟ್ಟಿಯನ್ನು ಮಾತ್ರ ಬಿಚ್ಚಿದ್ದರು. ಹೊಲಿಗೆಯ ತೂತುಗಳು ಕಾಣುತ್ತಿದ್ದವು. ನಲವತ್ತಾರು ಬೀಗ. ಒಂದೊಂದನ್ನೂ ತೆರೆದು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಕೇಳಿದರು. ಅಡುಗೆಯ ಗುಮಾಸ್ತ ಚಹಾ ತಂದುಕೊಟ್ಟು, "ಈ ಸಲ ಐವತ್ತೆರಡು ತಟ್ಟೆ ಕಣೋ ಅಣ್ಣ, ಕೈ ಬಿದ್ದು ಹೋಗುತ್ತೆ" ಎಂದ. ಅವರು ತಲೆಯಾಡಿಸಿದರು.

ಒಂಬತ್ತೂವರೆಗೆ ಮೇಡಂ ಕೈಗಡಿಯಾರ ನೋಡಿಕೊಂಡರು. ಮಕ್ಕಳ ಬಸ್ಸು ಹತ್ತಕ್ಕೆ. ನನ್ನ ಕಡೆ ನೋಡಿದರು. ಬೀಗದಣ್ಣನಿಗೆ ಹೊರಡಿ ಎನ್ನುವ ಬದಲು ನಾನು ಗೇಟಿನ ರಿಜಿಸ್ಟರಿನಲ್ಲಿ ಗೆರೆ ಎಳೆಯತೊಡಗಿದೆ. ಅವರೇ ಸಾಮಾನಿನ ಚೀಲ ಕಟ್ಟಿಕೊಂಡು ಗೇಟಿಗೆ ಬಂದರು.

"ರಿಜಿಸ್ಟರ್ ತೆಗಿ. ಸಹಿ ಹಾಕಿ ಹೋಗ್ತೀನಿ."

ಸಿಬ್ಬಂದಿಯ ಪುಟ ತೆಗೆಯುವ ಹಾಗಿರಲಿಲ್ಲ. ಹೊರಗಿನವರ ಪುಟ ತೆಗೆದೆ. ಬಂದ ಹೊತ್ತು ಬರೆದೆ, ಹೋದ ಹೊತ್ತು ಬರೆದೆ. ನಡುವಿನ ಕಾಲಮ್ಮಿನಲ್ಲಿ ಪೆನ್ನು ನಿಂತಿತು.

"ಬಂದ ಕಾರಣ ಏನಂತ ಬರೀಲಿ ಅಣ್ಣ?"

"ಬೀಗ ರಿಪೇರಿ ಅಂತ ಬರಿ ಕಣಮ್ಮಾ. ಅದಕ್ಕೇ ತಾನೇ ಬಂದಿದ್ದು?"

ಬರೆದೆ. ಅವರು ಕನ್ನಡಕ ಏರಿಸಿ ಓದಿ, ಕೆಳಗೆ ಸಹಿ ಹಾಕಿ, ಸ್ಕೂಟರು ತಳ್ಳಿಕೊಂಡು ರಸ್ತೆಗೆ ಇಳಿದರು. ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು, ಹತ್ತು ನಿಮಿಷ ಮೊದಲೇ ಬಂದುಬಿಟ್ಟಿತ್ತು. ಅವರು ಸ್ಕೂಟರನ್ನು ಅಂಚಿಗೆ ಸರಿಸಿ, ಬಸ್ಸು ಹಾದುಹೋಗುವವರೆಗೆ ಅದಕ್ಕೆ ಬೆನ್ನು ಮಾಡಿ ನಿಂತರು.