ವೆಳ್ಳಚ್ಚಿ ಬಿಡಿಸಿದ ಪಾವಲಿ ಲೆಕ್ಕ

ವೆಳ್ಳಚ್ಚಿಗೆ ಓದು ಬರಹ ಬರುತ್ತಿರಲಿಲ್ಲ. ಬಿಳಿ ದೊರೆಯ ಕಾಫಿ ತೋಟದಲ್ಲಿ ಆರು ದಿನ ಕೂಲಿ. ಭಾನುವಾರ ಪನಮರಂ ಬಳಿಯ ನಮ್ಮ ಮನೆಯ ಕಣದಲ್ಲಿ ಕಾಫಿ ಹರವುವ ಕೆಲಸ. ಕಾಡಿನ ಜನ. ವಯಸ್ಸೆಷ್ಟು ಎಂದರೆ ನಗುತ್ತಿದ್ದಳು. ಅವಳಿಗೆ ನಾನು ಮಾಡಿದ ಮೋಸವನ್ನು ಇನ್ನಾದರೂ ಹೇಳಿಬಿಡಬೇಕು.

ಆಗ ನಾನು, ಪದ್ಮರಾಜ, ಊರ ಶಾಲೆಗೆ ಇದ್ದ ಒಬ್ಬನೇ ಮೇಷ್ಟ್ರು. ಮೇಷ್ಟ್ರುಗಳ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದೆ. ಮೂರನೆಯ ಸಲವೂ ಬಿದ್ದರೆ ಕೆಲಸ ಹೋಗುತ್ತಿತ್ತು. ನನ್ನನ್ನು ಬೀಳಿಸುತ್ತಿದ್ದುದು ಒಂದೇ ಜಾತಿಯ ಲೆಕ್ಕ: ಪಾವಲಿ, ಎರಡಾಣೆ ಸೇರಿ ಹದಿನೈದು ನಾಣ್ಯ; ಒಟ್ಟು ನಲವತ್ತಾಣೆ; ಯಾವುದು ಎಷ್ಟು? ಪಾವಲಿ ಎಂದರೆ ನಾಲ್ಕಾಣೆ ಎಂಬುದಷ್ಟೇ ನನಗೆ ಖಚಿತ. ಉಳಿದದ್ದೆಲ್ಲ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಜೈನರ ಮನೆ ನಮ್ಮದು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಈ ಹಾಳು ನಾಣ್ಯಗಳ ದೆಸೆಯಿಂದ ಎಷ್ಟು ಸಂಜೆ ಉಪವಾಸ ಮಲಗಿದೆನೋ!

ಒಂದು ಭಾನುವಾರ ಜಗಲಿಯಲ್ಲಿ ಕೂತವನು ರೇಗಿ ಸ್ಲೇಟನ್ನೇ ಎಸೆದೆ. ಅದು ಕಣದಲ್ಲಿದ್ದ ಕಾಫಿಯ ಮೇಲೆ ಬಿತ್ತು. ವೆಳ್ಳಚ್ಚಿ ತಂದುಕೊಟ್ಟಳು.

"ಏನ್ ಕಣಕ್ಕು ಮಾಷೇ ಅದು? ನಾ ಬಂದಾಗೆಲ್ಲ ಅದನ್ನೇ ಬೈತೀರಿ."

ಕಣಕ್ಕು ಎಂದರೆ ಅವಳ ಮಾತಿನಲ್ಲಿ ಲೆಕ್ಕ. ಹೇಳಿದೆ. ಸಿಟ್ಟಿಗೆ ಹೇಳಿದ್ದೇ ಹೊರತು ಉತ್ತರ ಸಿಗುತ್ತದೆಂದಲ್ಲ.

"ಹದಿನೈದು ಆಳು ಕೂಲಿ ಸಾಲಲ್ಲಿ ನಿಂತವ್ರೆ ಅನ್ಕೊಳ್ಳಿ. ತೋಟದಲ್ಲಿ ಗಂಡಾಳಿಗೆ ಪಾವಲಿ, ನಮಗೆ ಎರಡಾಣೆ. ಮೊದ್ಲು ಎಲ್ಲರ್ಗೂ ಹೆಣ್ಣಾಳ ಕೂಲಿ ಕೊಟ್ಬಿಡಿ. ಮೂವತ್ತಾಣೆ ಹೋಯ್ತು. ಇನ್ನು ಹತ್ತಾಣೆ ಉಳೀತಲ್ಲ? ಅದು ಗಂಡಸ್ರದ್ದು, ತಲೆಗೆ ಎರಡೆರಡು ಜಾಸ್ತಿ. ಐದು ಗಂಡಸ್ರು, ಐದು ಪಾವಲಿ."

ಮಿಕ್ಕ ಹತ್ತು ಎರಡಾಣೆಯವು. ಕೂಡಿ ನೋಡಿದೆ, ಸರಿಯಾಗಿ ನಲವತ್ತು. ನಾಲ್ಕು ವರ್ಷ ನನಗೆ ಕಬ್ಬಿಣದ ಕಡಲೆಯಾಗಿದ್ದದ್ದು ಅವಳಿಗೆ ಬೆಂದ ಗೆಣಸು. ಅಂದು ಹೊತ್ತು ಮುಳುಗುವ ಮುಂಚೆ ಉಂಡೆ.

ಕಲ್ಲಿಕೋಟೆಯಲ್ಲಿ ಪರೀಕ್ಷೆ. ಪರೀಕ್ಷಕರು ಅಂಥದೇ ಲೆಕ್ಕ ಕೊಟ್ಟು, ಮಕ್ಕಳಿಗೆ ತಿಳಿಯುವಂತೆ ಬಿಡಿಸಿ ಎಂದರು. ನಾನು ಆಳುಗಳನ್ನು ಸಾಲಲ್ಲಿ ನಿಲ್ಲಿಸಿ, ಎಲ್ಲರಿಗೂ ಮೊದಲು ಹೆಣ್ಣಾಳಿನ ಕೂಲಿ ಕೊಟ್ಟೆ. ಪರೀಕ್ಷಕರ ಮುಖ ಅರಳಿತು.

"ಚೆನ್ನಾಗಿದೆ! ಯಾರು ಹೇಳಿಕೊಟ್ಟರು ಇದನ್ನು?"

"ನನ್ನದೇ ಉಪಾಯ, ಸಾರ್."

ನಾಲಿಗೆ ತಡವರಿಸಲೂ ಇಲ್ಲ. ಕೂಲಿ ಹೆಂಗಸು ಹೇಳಿಕೊಟ್ಟಳು ಎಂದರೆ ಎಲ್ಲಿ ನಕ್ಕಾರೋ ಎಂಬ ಭಯ. ಪಾಸಾದೆ. ಆ ಪಾಸಿನ ಮೇಲೆ ಮೂವತ್ತು ವರ್ಷ ಸಂಬಳ ತಿಂದೆ.

ಊರಿಗೆ ಬಂದಾಗ ಅಮ್ಮನಿಗಿಂತ ಮೊದಲು ಎದುರು ಬಂದವಳು ವೆಳ್ಳಚ್ಚಿ.

"ನಮ್ಮ ಕಣಕ್ಕು ಬಂದಿತ್ತಾ ಮಾಷೇ?"

"ಬಂದಿತ್ತು. ಪಾಸಾದೆ."

"ಯಾರು ಹೇಳ್ಕೊಟ್ರು ಅಂತ ಅವ್ರು ಕೇಳ್ಲಿಲ್ವಾ?"

"ಕೇಳಿದ್ರು."

ಅವಳು ಕಾದು ನಿಂತಳು.

"ನಿನ್ನ ಹೆಸರು ಹೇಳ್ದೆ."

ಮೊದಲ ಸುಳ್ಳಿಗಿಂತ ಇದು ಸಲೀಸಾಗಿ ಬಂತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಮರುವಾರ ಗಂಡ ಅಯ್ಯಪ್ಪನನ್ನು ಎಳೆದುಕೊಂಡೇ ಬಂದಳು. ತೋಟದ ಕೂಲಿ ಸಾಲಿನಲ್ಲಿ ಅವಳ ಮಾತನ್ನು ಯಾರೂ ನಂಬಿರಲಿಲ್ಲ, ಅವನೂ ಸೇರಿ.

"ಹೇಳಿ ಮಾಷೇ, ನನ್ನ ಹೆಸರು ಕಲ್ಲಿಕೋಟೆಯವ್ರಿಗೆ ಗೊತ್ತಾ ಇಲ್ವಾ?"

ಅಯ್ಯಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

"ಗೊತ್ತು" ಎಂದೆ.