ಡಬಲ್ ಹೊಲಿಗೆಯವನ ಕಾರು

ಅಣ್ಣನ ಮೈಯಿಂದ ಸೆಂಟಿನ ವಾಸನೆ ಬಂದ ದಿನ ಮನೆಗೆ ಯಾರೋ ದೊಡ್ಡ ಮನುಷ್ಯರು ಬಂದಿದ್ದಾರೆ ಅಂದುಕೊಂಡೆ. ಒದ್ದೆ ಕೈ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು ಅಡುಗೆಮನೆಯಿಂದ ಹೊರಗೆ ಬಂದೆ. ಯಾರೂ ಬಂದಿರಲಿಲ್ಲ. ಕನ್ನಡಿಯ ಮುಂದೆ ಅಣ್ಣನೊಬ್ಬನೇ ನಿಂತು ಕತ್ತಿಗೆ ಬುಸ್ ಬುಸ್ ಎಂದು ಸೆಂಟು ಹೊಡೆದುಕೊಳ್ಳುತ್ತಿದ್ದ. ಅರವತ್ತೇಳು ವರ್ಷದ ಈ ಮನುಷ್ಯನ ಮೈಗೆ ಇದ್ದದ್ದು ಒಂದೇ ವಾಸನೆ, ರೆಕ್ಸಿನ್ ಅಂಟಿಸುವ ಗೋಂದಿನದು. ನನ್ನ ಎದೆ ಧಸಕ್ಕೆಂದಿತು.

“ಏನಣ್ಣ ಇದು?”

“ಸೆಂಟು.”

“ಅದು ಮೂಗಿಗೇ ಗೊತ್ತಾಯ್ತು. ಯಾಕೆ ಅಂತ ಕೇಳಿದ್ದು.”

“ಚೆನ್ನಾಗಿದೆ ಅಂತ,” ಎಂದ. ಇನ್ನೂ ಒಂದು ಸಲ ಹೊಡೆದುಕೊಂಡು ಹೊರಗೆ ಹೋದ.

ಸೆಂಟಿಗೆ ಇಷ್ಟು ಗಾಬರಿಯೇ ಎಂದು ನಗಬೇಡಿ. ಅವನು ಎಂಥವನೆಂದು ಗೊತ್ತಿದ್ದರೆ ನೀವೂ ಹೌಹಾರುತ್ತಿದ್ದಿರಿ. ಅಣ್ಣ ಕಾರಿನ ಸೀಟು ಹೊಲಿಯುವವನು. ಮುಖ್ಯರಸ್ತೆಯ ತಿರುವಿನಲ್ಲಿ, ಟೈರಿನ ಅಂಗಡಿಗೂ ಗಾಜಿನ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಸಂದಿಯಂಥ ಜಾಗದಲ್ಲಿ ಅವನ ಕುಶನ್ ಅಂಗಡಿ. ಮದುವೆಯಾಗಲಿಲ್ಲ. ನಾನು ಗಂಡನನ್ನು ಕಳೆದುಕೊಂಡು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವನ ಬಾಗಿಲಿಗೆ ಬಂದಾಗ ಒಂದು ಮಾತನ್ನೂ ಕೇಳದೆ, ಅಂಗಡಿಯಲ್ಲಿ ಉಳಿದಿದ್ದ ಫೋಮಿನಲ್ಲಿ ಮಗುವಿಗೆ ಹಾಸಿಗೆ ಹೊಲಿದುಕೊಟ್ಟ. ಅಲ್ಲಿಂದ ಮುಂದೆ ಅವನ ಬದುಕೆಲ್ಲ ನಮ್ಮಿಬ್ಬರದೇ ಆಯಿತು.

ಒಂದು ಸಾಲು ಹೊಲಿಗೆ ಸಾಕಾದ ಕಡೆ ಅವನು ಎರಡು ಸಾಲು ಹಾಕುತ್ತಿದ್ದ. ಅದಕ್ಕೇ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಡಬಲ್ ಹೊಲಿಗೆ ಎಂದು. ಕೆಲಸ ಮುಗಿದ ಮೇಲೆ ಹೊಲಿಗೆಯ ಎರಡೂ ಕಡೆ ಹಿಡಿದು, ಹಲ್ಲು ಕಚ್ಚಿ ಎಳೆದು ನೋಡುತ್ತಿದ್ದ. “ಕಾರು ಗುಜರಿಗೆ ಹೋಗ್ಬೇಕು, ನನ್ನ ಹೊಲಿಗೆ ಹೋಗ್ಬಾರ್ದು,” ಎನ್ನುವುದು ಅವನ ಜಂಬ. ಆದರೆ ಗಿರಾಕಿಯ ಕಾರಿನಲ್ಲಿ ಒಂದು ಸಲವಾದರೂ ಕೂತವನಲ್ಲ. ಅವನ ಗುರು ಹಾಕಿಕೊಟ್ಟ ಕಟ್ಟುಪಾಡು ಅದು: ಗೋಂದು ಮೆತ್ತಿದ ಬಟ್ಟೆಯಲ್ಲಿ ಇನ್ನೊಬ್ಬರ ಸೀಟಿನ ಮೇಲೆ ಕೂರಬಾರದು. ಸೀಟು ಮೆತ್ತಗಿದೆಯೋ ಇಲ್ಲವೋ ಎಂದು ಮೊಣಕೈ ಊರಿ ನೋಡುತ್ತಿದ್ದ. ಕಾರಿನ ಬಾಗಿಲ ಬಳಿ ಮಂಡಿಯೂರಿಯೇ ಅವನ ಆಯಸ್ಸು ಕಳೆಯಿತು, ಮಂಡಿಗಳೂ ಹೋದವು.

ಇನ್ನು ಜಿಪುಣತನವೆಂದರೆ, ಕೇಳಬೇಡಿ. ನಮ್ಮ ಮನೆಯ ನಾಲ್ಕು ಕುರ್ಚಿಗೆ ನಾಲ್ಕು ಕಾರಿನ ರೆಕ್ಸಿನ್. ಮಗಳು ಚಿಕ್ಕವಳಿದ್ದಾಗ “ನಾನಿವತ್ತು ಡಾಕ್ಟರ ಕಾರಲ್ಲಿ ಕೂತು ಊಟ ಮಾಡ್ತೀನಿ” ಎನ್ನುತ್ತಿದ್ದಳು. ಸವೆದ ಸೋಪಿನ ಚೂರುಗಳನ್ನು ಒತ್ತಿ ಒಂದು ಮಾಡುತ್ತಿದ್ದ. ಪ್ಯಾಂಟಿನ ಮಂಡಿಗೆ ಸೀಟಿನ ತುಂಡೇ ತೇಪೆ. ಅವಳನ್ನು ಓದಿಸಿ ಹಲ್ಲಿನ ಡಾಕ್ಟರು ಮಾಡಿ, ಮದುವೆ ಮಾಡಿ ಕಳಿಸಿದ ಮೇಲೂ ಕೈ ಸಡಿಲವಾಗಲಿಲ್ಲ. ಅಂಥವನು ಒಂದು ದಿನ ಅಂಗಡಿಗೆ ಬೀಗ ಹಾಕಿ ಬಂದ. ತಿಂಗಳೊಳಗೆ ಸೆಂಟು.

ಸೆಂಟಿನ ಹಿಂದೆಯೇ ಕೈಗಡಿಯಾರ ಬಂತು, ಕಪ್ಪು ಮುಖದ್ದು, ಅವನ ಕೈಗಿಂತ ದಪ್ಪ. ಆಮೇಲೆ ಮೆತ್ತನೆಯ ಚರ್ಮದ ಬೂಟು. ಒಂದು ಮಧ್ಯಾಹ್ನ ಮುಖವೆಲ್ಲ ಮಿರಮಿರ ಮಿಂಚಿಸಿಕೊಂಡು ಬಂದು, ಸಲೂನಿನಲ್ಲಿ ಮುಖಕ್ಕೆ ಏನೋ ಬಳಿದು ಅರ್ಧ ಗಂಟೆ ಮಲಗಿಸಿದ್ದರು ಎಂದು ಮಗುವಿನ ಹಾಗೆ ಹೇಳಿದ. ನಾನು ಮಗಳಿಗೆ ಫೋನು ಮಾಡಿದೆ.

“ಮಾವನಿಗೆ ಏನಾದ್ರೂ ಕಾಯಿಲೆ ಇದ್ಯಾ ಅಮ್ಮಾ? ಮುಚ್ಚಿಡ್ತಿದಾರಾ?” ಎಂದು ಅವಳೂ ಗಾಬರಿಯಾದಳು.

ನನಗಿದ್ದ ಭಯವೂ ಅದೇ. ಸಾಯುವುದು ಗೊತ್ತಾದವರು ಹೀಗೆ ಆಡುತ್ತಾರೆಂದು ಕೇಳಿದ್ದೆ. ಮಾರನೆಯ ದಿನ ಎದುರಿಗೇ ನಿಂತು ಕೇಳಿಬಿಡಬೇಕೆಂದು ಕಾಯುತ್ತಿದ್ದೆ. ಕೇಳುವ ಮೊದಲೇ ಮನೆಮುಂದೆ ಕಾರು ಬಂದು ನಿಂತಿತು.

ಕಾರು ಎಂದರೆ ಅಂಥಿಂಥದ್ದಲ್ಲ. ಕಡುನೀಲಿ ಬಣ್ಣ, ನಮ್ಮ ಬಾಗಿಲಿನಿಂದ ಪಕ್ಕದ ಮನೆಯ ಬಾಗಿಲಿನವರೆಗೆ ಉದ್ದ. ಎದುರು ಮನೆಯವರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಒಳಗಿಂದ ಇಳಿದವನು ನನ್ನ ಅಣ್ಣ. ಅವನಿಗೆ ಕಾರು ಓಡಿಸಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ! ಎರಡು ತಿಂಗಳಿಂದ ನಡೆದಾಡಿ ಬರುತ್ತೇನೆಂದು ಹೋಗುತ್ತಿದ್ದವನು ಡ್ರೈವಿಂಗ್ ಕಲಿಯುತ್ತಿದ್ದನಂತೆ. ಇಷ್ಟು ವರ್ಷ ಕೂಡಿಟ್ಟ ದುಡ್ಡೆಲ್ಲ ಈ ಕಾರಿಗೆ! ನನ್ನ ಪಿತ್ತ ನೆತ್ತಿಗೇರಿತು.

“ಸಾಯೋಕೆ ಹೊರಟಿದ್ದೀಯಾ? ನಿಜ ಹೇಳು, ಡಾಕ್ಟರು ಏನಂದ್ರು?”

“ಯಾವ ಡಾಕ್ಟರು? ಸಾಯೋಕಲ್ಲ ಕಣೆ ಪುಟ್ಟಿ, ಕೂತ್ಕೊಳ್ಳೋಕೆ.” ಅರವತ್ತು ದಾಟಿದ ನನ್ನನ್ನು ಅವನು ಇವತ್ತಿಗೂ ಪುಟ್ಟಿ ಎಂದೇ ಕರೆಯುವುದು. “ಎಷ್ಟು ಕಾರಿಗೆ ಸೀಟು ಹೊಲಿದೆ, ಒಂದರಲ್ಲೂ ಕೂರಲಿಲ್ಲ. ಹೇಗಿರುತ್ತೆ ಅಂತ ನೋಡ್ಬೇಕಿತ್ತು.”

“ಹೇಗಿದೆ?”

“ಅಯ್ಯೋ,” ಎಂದ. ಕಣ್ಣು ತುಂಬಿಕೊಂಡಿದ್ದ. ಆ ಮುಖ ಕಂಡು ನನ್ನ ಕೋಪ ಅರ್ಧ ಇಳಿಯಿತು. ಉಳಿದರ್ಧವನ್ನು ಮರ್ಯಾದೆಗಾಗಿ ಉಳಿಸಿಕೊಂಡೆ. ಕಾರು ವಾಪಸ್ಸು ಕೊಡು, ನಾನಂತೂ ಅದರಲ್ಲಿ ಕೂರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

ವಾರ ಕಳೆದಿರಬೇಕು. ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಹೊಸ ಕಾರಿನ ಸೀಟು ಬಿದ್ದಿದೆ! ಒರಗುವ ಭಾಗದ ಚರ್ಮ ಸುಲಿದು ಪಕ್ಕಕ್ಕೆ ಹಾಕಿದ್ದಾನೆ. ಹಳೆಯ ಹೊಲಿಗೆ ಮೆಷಿನ್ನು ಹೊರಗೆ ಬಂದಿದೆ. ಇವನಿಗೆ ಪೂರ್ತಿ ಬುದ್ಧಿ ಕೆಟ್ಟಿದೆ, ಇನ್ನು ಅನುಮಾನವೇ ಇಲ್ಲ ಎಂದುಕೊಂಡೆ.

ಅಣ್ಣ ಮಾತ್ರ ಕೆಂಡಾಮಂಡಲವಾಗಿದ್ದ. “ನೋಡು ಬಾ ಇಲ್ಲಿ. ಎಲ್ಲಾ ಕಡೆ ಗಟ್ಟಿ ದಾರ ಹಾಕಿದಾರೆ, ಬಾಗಿಲ ಕಡೆಗೆ ಮಾತ್ರ ಈ ನೂಲು. ಕೈಯಲ್ಲಿ ಎಳೆದ್ರೆ ಬಿಚ್ಕೊಳ್ಳುತ್ತೆ. ಇಷ್ಟು ದೊಡ್ಡ ಕಂಪನಿ, ದಾರದಲ್ಲಿ ಕಳ್ಳತನ! ಇದು ನಿನ್ನ ಸೀಟು. ನಿನಗೆ ಸೊಂಟ ನೋವು ಅಂತ ಸ್ವಲ್ಪ ಫೋಮ್ ಸೇರಿಸಿ ಗಟ್ಟಿ ಮಾಡ್ತೀನಿ. ಆಮೇಲೆ ನನ್ನದು.”

“ನಾನು ಕೂರಲ್ಲ ಅಂತ ಹೇಳಿದೀನಲ್ಲ.”

“ಕೂರ್ತೀಯ,” ಎಂದು ಎರಡೆಳೆ ನೈಲಾನ್ ದಾರ ಪೋಣಿಸಿಕೊಂಡ. ಹೊಲಿಗೆಯ ಪಕ್ಕದಲ್ಲಿ, ಅವನು ಹೊಲಿದ ಹಳೆಯ ಕಾರುಗಳಲ್ಲಿ ಇರದಿದ್ದ, ಬೆರಳಗಲದ ಒಂದು ಬಟ್ಟೆಯ ಪಟ್ಟಿ ಇತ್ತು, ಏನೋ ಇಂಗ್ಲಿಷ್ ಅಕ್ಷರ ಅಚ್ಚಾಗಿತ್ತು. ಕಂಪನಿಯ ಜಾಹೀರಾತೆಂದುಕೊಂಡು ಕಚಕ್ಕೆಂದು ಕತ್ತರಿಸಿ ಎಸೆದ. ಸಂಜೆಯ ಹೊತ್ತಿಗೆ ಸೀಟು ತನ್ನ ಜಾಗದಲ್ಲಿ ಕೂತಿತ್ತು. ಎರಡು ಸಾಲು ಹೊಲಿಗೆ ಗೆರೆ ಎಳೆದಂತೆ ನೇರವಾಗಿತ್ತು. ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಎಳೆದು ನೋಡಿದ. ಜಪ್ಪಯ್ಯ ಎಂದರೂ ಅಲುಗಲಿಲ್ಲ.

ನಾನು ಕೂತೆ. ಇನ್ನೇನು ಮಾಡುವುದು? ಇಷ್ಟು ಮಾಡಿದವನಿಗೆ ಎಷ್ಟು ದಿನ ಬೆನ್ನು ತೋರಿಸುವುದು? ಕೂತ ಮೇಲೆ ಗೊತ್ತಾಯಿತು, ನನ್ನ ಸೊಂಟ ಇಷ್ಟು ವರ್ಷ ಎಂಥ ಅನ್ಯಾಯ ಸಹಿಸಿಕೊಂಡಿತ್ತೆಂದು. ಅಣ್ಣ ಗಡಿಯಾರದ ಕೈಯನ್ನು ಸ್ಟೀರಿಂಗಿನ ಮೇಲೆ ಎದ್ದು ಕಾಣುವಂತೆ ಇಟ್ಟುಕೊಂಡು, ಆಮೆಯ ಹಾಗೆ ಓಡಿಸುತ್ತ, ಹಳೆಯ ಗಿರಾಕಿಗಳ ಮನೆಮುಂದೆ ಬೇಕೆಂದೇ ಇನ್ನೂ ನಿಧಾನ ಮಾಡುತ್ತಿದ್ದ. ನಾನೂ ಕಿಟಕಿ ಇಳಿಸಿ ಕೂತೆ, ಸುಳ್ಳೇಕೆ ಹೇಳಲಿ. ಅವನು ಖುಷಿಯಾಗಿರುವುದನ್ನು ನಾನು ನೋಡಿದ್ದು ಆ ಹದಿನೈದು ಇಪ್ಪತ್ತು ದಿನ ಮಾತ್ರ. ಇದು ಹೀಗೇ ಇರಲಿ, ಇವನ ಖುಷಿಗೆ ಯಾರ ಕಣ್ಣೂ ತಾಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಆಸ್ಪತ್ರೆಯ ಮುಂದಿನ ಚೌಕದಲ್ಲಿ ಸಿಗ್ನಲ್ ಹಸಿರಾಯಿತು, ನಾವು ಹೊರಟೆವು. ಅಡ್ಡರಸ್ತೆಯಿಂದ ಸಾಮಾನಿನ ವ್ಯಾನೊಂದು ನಿಲ್ಲದೆ ಬಂದು ನನ್ನ ಕಡೆಯ ಬಾಗಿಲಿಗೆ ಗುದ್ದಿತು. ಢಮ್ ಎಂದದ್ದು ಗೊತ್ತು. ತಲೆಯ ಪಕ್ಕ ಮೇಲಿನಿಂದ ಬಿಳಿಯ ದಿಂಬಿನಂಥದ್ದು ಇಳಿದದ್ದು ಗೊತ್ತು. ಆಮೇಲೆ ಉಸಿರು ಎಳೆದುಕೊಳ್ಳಲು ಹೋದರೆ ಉಸಿರೇ ಇಲ್ಲ. ಅಣ್ಣ “ಪುಟ್ಟೀ, ಪುಟ್ಟೀ” ಎಂದು ಕಿರುಚುತ್ತಿದ್ದ. ಮೂರು ಪಕ್ಕೆಲುಬು ಮುರಿದಿದ್ದವು, ಒಂದರ ಚೂಪು ಶ್ವಾಸಕೋಶಕ್ಕೆ ಚುಚ್ಚಿತ್ತು. ಆಸ್ಪತ್ರೆ ಎದುರಿಗೇ ಇದ್ದದ್ದರಿಂದ ಇವತ್ತು ಇದನ್ನು ಹೇಳಲು ಉಳಿದಿದ್ದೇನೆ.

ನಾನು ಓಡಾಡುವಂತಾದ ಮೇಲೆ ಇಬ್ಬರೂ ಕಾರು ನೋಡಲು ಕಂಪನಿಯ ವರ್ಕ್‌ಶಾಪಿಗೆ ಹೋದೆವು. ಮೇಸ್ತ್ರಿ ನನ್ನ ಸೀಟನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದ. ಸೀಟು ಬಾವು ಬಂದ ಕೆನ್ನೆಯ ಹಾಗೆ ಊದಿಕೊಂಡಿತ್ತು, ಒಳಗೆ ಫೋಮೆಲ್ಲ ಚಿಂದಿಯಾಗಿತ್ತು. ಎರಡು ಸಾಲು ಹೊಲಿಗೆ ಮಾತ್ರ ಒಂದೆಳೆಯೂ ಕದಲದೆ ಹಾಗೇ ಇತ್ತು.

“ಪಕ್ಕದಿಂದ ಗುದ್ದಿದ್ರೆ ತಲೆಗೆ ಮೇಲಿಂದ ಒಂದು ಏರ್‌ಬ್ಯಾಗ್ ಇಳಿಯುತ್ತೆ, ಪಕ್ಕೆ ಉಳಿಸೋಕೆ ಸೀಟೊಳಗೇ ಇನ್ನೊಂದು ಇರುತ್ತೆ ಸಾರ್,” ಎಂದು ಮೇಸ್ತ್ರಿ ವಿವರಿಸಿದ. “ಅದು ಈ ಹೊಲಿಗೆ ಹರ್ಕೊಂಡು ಆಚೆ ಬರ್ಬೇಕು. ಅದಕ್ಕೇ ಇಲ್ಲಿ ಬೇಕಂತಲೇ ಮೆತ್ತನೆ ದಾರ ಹಾಕಿರ್ತಾರೆ. ಪಟ್ಟೀಲಿ ಬರೆದೂ ಇರ್ತಾರೆ. ಯಾವ ಪುಣ್ಯಾತ್ಮ ಹೀಗೆ ಹೊಲಿದನೋ! ಬ್ಯಾಗು ಉಬ್ಬಿದೆ, ಆಚೆ ಬರೋಕೆ ದಾರೀನೇ ಇಲ್ಲ. ಇವರ ಪಕ್ಕೆ ಉಳೀಬೇಕಿತ್ತು ಸಾರ್.”

ಅಣ್ಣನ ಕಡೆ ನೋಡಲು ಧೈರ್ಯ ಬರಲಿಲ್ಲ.

“ನಾನೇ,” ಎಂದ ಅಣ್ಣ.

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅಣ್ಣ ಮುಂದೆ ಹೋಗಿ ಹೊಲಿಗೆಯ ಎರಡೂ ಕಡೆ ಹಿಡಿದು ಎಳೆದ. ಹಲ್ಲು ಕಚ್ಚಿ, ಕತ್ತಿನ ನರ ಉಬ್ಬುವವರೆಗೂ ಎಳೆದ. ಅದು ಬಿಚ್ಚಲಿ ಎಂದು ಅವನು ಎಳೆದದ್ದು ಅದೇ ಮೊದಲು. ಬಿಚ್ಚಲಿಲ್ಲ.

ಅವತ್ತಿನಿಂದ ಅಣ್ಣ ಹಳೆಯ ಅಣ್ಣನಾದ. ಗಡಿಯಾರ ಡಬ್ಬಿಗೆ ಹೋಯಿತು. ಬೂಟು ಅಟ್ಟಕ್ಕೆ ಹೋಯಿತು, ತೇಪೆಯ ಪ್ಯಾಂಟು ಹೊರಗೆ ಬಂತು. ಸೋಪಿನ ಚೂರುಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡವು. ರಿಪೇರಿಯಾಗಿ ಬಂದ ಕಾರಿಗೆ ಟಾರ್ಪಾಲು ಹೊದಿಸಿ ನಿಲ್ಲಿಸಿದ. ಅವನು ಬಾಯಿಬಿಟ್ಟು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಮಾತೇ ಇಲ್ಲದೆ ಕುರ್ಚಿಗಳ ರೆಕ್ಸಿನ್ ಒರೆಸುತ್ತ ಕೂತವನಿಗೆ ಏನು ಹೇಳುವುದು? ನನಗೆ ಪಕ್ಕೆಯ ನೋವಿಗಿಂತ ಅದನ್ನು ನೋಡುವುದೇ ಕಷ್ಟವಾಯಿತು. ಕಾರು ಬೇಡವೆಂದು ಕುಣಿದಾಡಿದವಳು ನಾನು. ಈಗ ಟಾರ್ಪಾಲಿನ ಮೇಲೆ ಧೂಳು ಕೂತರೆ ದಿನವೂ ನಾನೇ ಒರೆಸುತ್ತಿದ್ದೆ.

ಒಂದು ಬೆಳಿಗ್ಗೆ ನಾನೇ ಹೋಗಿ ಟಾರ್ಪಾಲು ಎಳೆದು ಹಾಕಿದೆ.

“ಮೂಳೆ ಮುರಿದಿದ್ದು ನಂದು, ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡಿರೋದು ನೀನು. ಏಳು, ಮಗಳ ಮನೆಗೆ ಹೋಗೋಣ. ಸೆಂಟು ಹೊಡ್ಕೊಂಡು ಬಾ.”

“ಬಸ್ಸಲ್ಲಿ ಹೋಗೋಣ ಕಣೆ.”

“ಬಸ್ಸಲ್ಲಿ ನೀನು ಹೋಗು. ನಾನು ಇದರಲ್ಲೇ ಕೂತಿರ್ತೀನಿ, ಸಾಯೋವರೆಗೂ.”

ಒಳಗೆ ಹೋಗಿ ಬೀಗದ ಕೈ ತಂದ. ಸೆಂಟು ಹೊಡೆದುಕೊಂಡಿರಲಿಲ್ಲ, ಆದರೂ ಬಂದನಲ್ಲ ಎಂದು ನನಗೆ ಜೀವ ಬಂದಂತಾಯಿತು. ನನ್ನ ಸೀಟಿಗೆ ಕಂಪನಿಯ ಹೊಸ ಹೊದಿಕೆ, ಹೊಸ ಪಟ್ಟಿ, ಮೆತ್ತನೆಯ ನೂಲು. ಅವನು ತನ್ನ ಕಡೆಯ ಬಾಗಿಲು ತೆರೆದಾಗ ನನ್ನ ಕಣ್ಣು ಅವನ ಸೀಟಿನ ಅಂಚಿಗೆ ಹೋಯಿತು. ಅಲ್ಲಿ ಎರಡು ಸಾಲು ಹೊಲಿಗೆ ಇತ್ತು, ಗೆರೆ ಎಳೆದಂತೆ. ಕಾರು ಗುದ್ದಿಸಿಕೊಂಡ ದಿನ ಆ ಸೀಟನ್ನು ಅವನಿನ್ನೂ ಮುಟ್ಟಿರಲಿಲ್ಲ. ಇದನ್ನು ಹೊಲಿದದ್ದು ಆಮೇಲೆ, ಎಲ್ಲ ಗೊತ್ತಾದ ಮೇಲೆ.

“ಅಣ್ಣಾ, ಏನಿದು?”

ಅವನು ತಲೆ ಎತ್ತಲಿಲ್ಲ. “ನಿಂದು ಸರಿಯಾಗಿದೆ ಪುಟ್ಟಿ. ಮೇಸ್ತ್ರಿ ಹತ್ರ ಎರಡೆರಡು ಸಲ ಕೇಳಿದೀನಿ. ನಂದು ಹೀಗೇ ಇರಲಿ ಬಿಡು.”

ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಒಳಗೆ ಹೋಗಿ ಅವನ ಪೆಟ್ಟಿಗೆಯಿಂದ ಹೊಲಿಗೆ ಬಿಚ್ಚುವ ಬ್ಲೇಡು ತಂದೆ. ಕಾರಿನ ಬಾಗಿಲ ಬಳಿ ನೆಲಕ್ಕೆ ಮಂಡಿಯೂರಿದೆ. ಪಕ್ಕೆ ಚುಳಕ್ಕೆಂದಿತು. ಅಳು ಬಂದು ಏನೂ ಕಾಣುತ್ತಿರಲಿಲ್ಲ. ಸಿಕ್ಕ ಕಡೆ ಬ್ಲೇಡು ಹಾಕಿ ಎಳೆಯತೊಡಗಿದೆ. ದಾರ ಜಗ್ಗಲಿಲ್ಲ.

ಅಣ್ಣ ನನ್ನ ಪಕ್ಕದಲ್ಲೇ, ಕೆಟ್ಟ ಮಂಡಿಗಳನ್ನು ನಿಧಾನವಾಗಿ ಊರಿ ಕೂತ.

“ಚರ್ಮ ಹರಿಯುತ್ತೆ ಕಣೆ ಹಾಗೆ ಎಳೆದ್ರೆ,” ಎಂದ. “ಮೇಲಿಂದ ಬಿಚ್ಕೊಂಡು ಬಾ. ಗಂಟು ಅಲ್ಲಿದೆ.”